ಒಬ್ಬರೇ ಎತ್ತಬಹುದಾದ ಸ್ಟ್ಯಾಂಡ್

ಜೂನ್ ೧, ಭಾನುವಾರ

ಚೈನಿಗೆ ಎಣ್ಣೆ ಹಾಕುವ ಭಾನುವಾರ. ಹನ್ನೊಂದು ವರ್ಷದಿಂದ ಎರಡು ವಾರಕ್ಕೊಮ್ಮೆ ನಡೆದುಬಂದ ಕ್ರಮ ಒಂದೇ. ಅಕ್ಕ ಬೈಕಿನ ಹ್ಯಾಂಡಲ್ ಹಿಡಿದು ಗಾಡಿಯನ್ನು ಅರ್ಧ ಅಡಿ ಮುಂದೆ ತಳ್ಳುತ್ತಾಳೆ. ನಾನು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಎದುರಿಗೆ ಬಂದಷ್ಟು ಚೈನನ್ನು ಒರೆಸಿ ಎಣ್ಣೆ ಬಿಡುತ್ತೇನೆ. ಮತ್ತೆ ಅರ್ಧ ಅಡಿ. ಗೇಟು ಬಂದರೆ ಹಿಂದಕ್ಕೆ. ನಮ್ಮ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ, ಸೈಡ್ ಸ್ಟ್ಯಾಂಡ್ ಒಂದೇ. ತೂಕ ನೂರ ಎಂಬತ್ತೇಳು ಕೆಜಿ. ಚಕ್ರ ಗಾಳಿಯಲ್ಲಿ ತಿರುಗುವ ಭಾಗ್ಯ ಅದಕ್ಕಿಲ್ಲ.

ಇವತ್ತು ಗೇಟಿನ ಹತ್ತಿರ ಬಂದಾಗ ಅಕ್ಕ ತಳ್ಳುವುದನ್ನು ನಿಲ್ಲಿಸಿ, ಆ ಲಿಫ್ಟಿನವನು ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾನೆ ಎಂದಳು. ನಾನು ಚೈನಿಗೆ ಬಿಡಬೇಕಾದ ಎಣ್ಣೆಯನ್ನು ಚಪ್ಪಲಿಗೆ ಬಿಟ್ಟೆ.

ಅಕ್ಕನಿಗೆ ಐವತ್ತೇಳು, ನನಗೆ ಐವತ್ತೆರಡು. ಅಪ್ಪ ಅಮ್ಮ ಹೋದಮೇಲೆ ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಈ ಎರಡು ಕೋಣೆಯ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೇವೆ. ಅವಳು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ ಅಲ್ಲಿನ ಲಿಫ್ಟು ಎರಡು ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿತು, ಒಳಗೆ ಇವಳೊಬ್ಬಳೇ. ರಿಪೇರಿಗೆ ಬಂದವನು ನಲವತ್ತು ನಿಮಿಷ ಬಾಗಿಲ ಸಂದಿಯಿಂದ ಮಾತಾಡುತ್ತಾ ಕೆಲಸ ಮಾಡಿದನಂತೆ. ಲಿಫ್ಟಿಗೆ ಎಷ್ಟು ಹಗ್ಗ ಇರುತ್ತದೆ, ಒಂದು ಹರಿದರೂ ಮಿಕ್ಕವು ಹೇಗೆ ಹಿಡಿಯುತ್ತವೆ ಎಂದೆಲ್ಲ. ಆವತ್ತು ಮನೆಗೆ ಬಂದವಳ ಮುಖದಲ್ಲಿ ಭಯವಿರಲಿಲ್ಲ, ನಗುವಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ನೀನು ಹೂಂ ಅಂದ್ರೆ ಹೋಗ್ತೀನಿ. ಊಹೂಂ ಅಂದ್ರೆ ಇಲ್ಲ, ಬೇಜಾರೇನೂ ಮಾಡ್ಕೊಳಲ್ಲ. ತಿಂಗಳ ಕೊನೆಯೊಳಗೆ ಹೇಳು. ಅವ್ರೂ ಕಾಯ್ತಾ ಇರ್ತಾರೆ," ಎಂದಳು. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಅವಳು ಮತ್ತೆ ಅರ್ಧ ಅಡಿ ತಳ್ಳಿದಳು.

ಒಂದು ಮಾತು ಮಾತ್ರ ಹೊಳೆಯಿತು. ಇವಳು ಹೋದರೆ ಗಾಡಿ ತಳ್ಳುವವರು ಯಾರು? ಅದಕ್ಕೆ ಮೊದಲು ಒಂದು ಪ್ಯಾಡಾಕ್ ಸ್ಟ್ಯಾಂಡ್ ತೆಗೆದುಕೊಳ್ಳಬೇಕು. ಹಿಂದಿನ ಚಕ್ರದ ಕೆಳಗೆ ಸಿಕ್ಕಿಸಿ, ಉದ್ದನೆಯ ಹಿಡಿಯನ್ನು ಒತ್ತಿದರೆ ಚಕ್ರ ನೆಲ ಬಿಟ್ಟು ಮೇಲೇಳುತ್ತದೆಯಂತೆ. ಮೊದಲು ಸ್ಟ್ಯಾಂಡ್ ಆರಿಸುವುದು, ಆಮೇಲೆ ಅಕ್ಕನಿಗೆ ಉತ್ತರ. ಎರಡು ಕೆಲಸ ಒಟ್ಟಿಗೆ ಹಚ್ಚಿಕೊಂಡರೆ ಎರಡೂ ಕೆಡುತ್ತವೆ.

ಜೂನ್ ೩, ಮಂಗಳವಾರ

ಸ್ಟ್ಯಾಂಡ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಕೊಕ್ಕೆ ಇರುತ್ತದೆ, ಆದರೆ ಆ ಕೊಕ್ಕೆ ಕಚ್ಚಿಕೊಳ್ಳಲು ಗಾಡಿಯ ಎರಡೂ ಕಡೆ ದಾರದ ಉರುಳೆಯಂಥ ಗುಬುಟು ಬೇಕು. ನಮ್ಮ ಗಾಡಿಗೆ ಅದಿಲ್ಲ. ಇನ್ನೊಂದಕ್ಕೆ ರಬ್ಬರ್ ಹಾಸಿದ ಎರಡು ಕೈ. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳುಗಳಿಗೆ ಅಡಿಯಿಂದ ಒತ್ತು ಕೊಡುತ್ತದೆ. ಎರಡನೆಯದೇ ಸರಿ.

ಇಷ್ಟು ನಿರ್ಧರಿಸಲು ಎರಡು ದಿನ ಹಿಡಿಯಿತು. ನಾನು ಅವಸರದ ಮನುಷ್ಯನಲ್ಲ.

ಜೂನ್ ೫, ಗುರುವಾರ

ಊಟವಾದ ಮೇಲೆ ಫೋನಿನಲ್ಲಿ ಕೊಂಡವರ ಅಭಿಪ್ರಾಯಗಳನ್ನು ಓದಿದೆ. ನೂರ ಹದಿನಾಲ್ಕು. ಒಬ್ಬ ಐದು ನಕ್ಷತ್ರ ಕೊಟ್ಟು, 'ಇನ್ನೂ ಪೆಟ್ಟಿಗೆ ತೆರೆದಿಲ್ಲ, ಪೆಟ್ಟಿಗೆ ಚೆನ್ನಾಗಿದೆ' ಎಂದು ಬರೆದಿದ್ದಾನೆ. ಇನ್ನೊಬ್ಬ ಒಂದೇ ನಕ್ಷತ್ರ ಕೊಟ್ಟಿದ್ದಾನೆ, ಏಕೆಂದರೆ ಅವನ ಬಳಿ ಗಾಡಿಯೇ ಇಲ್ಲ. ಇಂಥವರ ಮಾತು ನಂಬಿ ಜೀವನದ ದೊಡ್ಡ ತೀರ್ಮಾನ ಮಾಡುವುದು ಹೇಗೆ?

ಅಕ್ಕ ಎದುರಿಗೆ ಕೂತು ಬಟ್ಟೆ ಮಡಿಸುತ್ತಾ, ಏನು ಅಷ್ಟೊಂದು ಓದುತ್ತಿದ್ದೀಯಾ ಎಂದು ಕೇಳಿದಳು. ಸ್ಟ್ಯಾಂಡ್ ಎಂದೆ. ಓ ಎಂದಳು. ಅವಳು ಬೇರೆ ಏನೋ ನಿರೀಕ್ಷಿಸಿದ್ದಳೇನೋ.

ಜೂನ್ ೮, ಭಾನುವಾರ

ಲಿಫ್ಟಿನವನು ಟೀಗೆ ಬಂದಿದ್ದ. ಅಕ್ಕ ಕರೆದಿದ್ದಳು, ನಾನಲ್ಲ. ಅರವತ್ತರ ಹತ್ತಿರದ ಮನುಷ್ಯ, ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತಂತೆ. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ತಲೆಯೆತ್ತಿ ಸೂರು ನೋಡುತ್ತಾನೆ. ಇದೇನು ಅವನ ತಲೆಯ ಮೇಲೆ ಬೀಳುವ ಹಾಗಿದೆಯೇ? ಯಾರೂ ಕೇಳದೆ ನಮ್ಮ ಅಡುಗೆಮನೆಯ ಬಾಗಿಲಿನ ಕೀಲು ಬಿಗಿ ಮಾಡಿದ. ಆ ಬಾಗಿಲು ಕಿರ್ ಎನ್ನುವುದು ನಮಗೆ ಅಭ್ಯಾಸವಾಗಿತ್ತು. ಈಗ ಸದ್ದಿಲ್ಲದೆ ತೆರೆಯುತ್ತದೆ, ಅಕ್ಕ ಬಂದದ್ದು ಗೊತ್ತಾಗುವುದಿಲ್ಲ.

ಸ್ಟ್ಯಾಂಡ್ ವಿಷಯ ಅಕ್ಕ ಬಾಯಿಬಿಟ್ಟಳು. ಅವನು ತಕ್ಷಣ ಮೂಗು ತೂರಿಸಿ, ಅಗಲ ಹೆಚ್ಚುಕಡಿಮೆ ಮಾಡಿಕೊಳ್ಳುವಂಥದ್ದನ್ನೇ ತೆಗೆದುಕೊಳ್ಳಿ, ಅಳತೆ ತಪ್ಪಿದರೂ ನಡೆಯುತ್ತದೆ ಎಂದ. ನಾನು ಇಪ್ಪತ್ತೆಂಟು ವರ್ಷದಿಂದ ಕನ್ನಡಕದ ಗಾಜು ಉಜ್ಜಿ ಕೂರಿಸುವವನು. ಅರ್ಧ ಮಿಲಿಮೀಟರು ತಪ್ಪಿದರೆ ಜನಕ್ಕೆ ಮೆಟ್ಟಿಲು ಎರಡೆರಡು ಕಾಣುತ್ತವೆ. ನನಗೆ ಅಳತೆ ತಪ್ಪುವ ಮಾತು ಹೇಳುತ್ತಾನೆ.

ಜೂನ್ ೯, ಸೋಮವಾರ

ಅಗಲ ಬದಲಾಗದ ಸ್ಟ್ಯಾಂಡನ್ನೇ ತರಿಸಲು ಹೇಳಿದೆ. ಅಂಗಡಿಯಿಂದ ಅಳತೆಪಟ್ಟಿ ತಂದು ಮೂರು ಸಲ ಅಳೆದು, ಮೂರೂ ಸಲ ಒಂದೇ ಉತ್ತರ ಬಂದ ಮೇಲೆ. ತೋರಿಸುತ್ತೇನೆ.

ಜೂನ್ ೧೫, ಭಾನುವಾರ

ನಿನ್ನೆ ಸ್ಟ್ಯಾಂಡ್ ಬಂತು. ಬಣ್ಣ ಕೆಂಪು. ಇವತ್ತು ಅಕ್ಕ ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಿದಳು, ನಾನು ಹಿಂದಿನಿಂದ ಸಿಕ್ಕಿಸಿದೆ. ಎರಡೂ ರಬ್ಬರ್ ಕೈಗಳು ತೋಳುಗಳ ಅಡಿಗೆ ಹೋಗುವ ಬದಲು ಅವುಗಳ ನಡುವೆ ನುಗ್ಗಿ ಟೈರನ್ನು ಅಪ್ಪಿಕೊಂಡವು. ಐದೂವರೆ ಸೆಂಟಿಮೀಟರು ಕಿರಿದು. ಕಳಿಸಿದವರೇ ತಪ್ಪು ಕಳಿಸಿರಬೇಕು.

ಕೊನೆಗೆ ಹಳೆಯ ಕ್ರಮದಲ್ಲೇ, ಅರ್ಧರ್ಧ ಅಡಿ ತಳ್ಳಿ ಎಣ್ಣೆ ಹಾಕಿದೆವು. ತಿಂಗಳು ಅರ್ಧ ಮುಗಿಯಿತು ಎಂದಳು ಅಕ್ಕ. ಹೌದು ಸೆಕೆ ಕಡಿಮೆಯಾಗಿದೆ ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಾನೂ ಕಡಿಮೆಯವನಲ್ಲ.

ಜೂನ್ ೧೬, ಸೋಮವಾರ

ಸಂಜೆ ಲಿಫ್ಟಿನವನು ಅಕ್ಕನನ್ನು ಗೇಟಿನವರೆಗೆ ಬಿಡಲು ಬಂದಿದ್ದ. ಸ್ಟ್ಯಾಂಡ್ ನೋಡಿದ, ಗಾಡಿ ನೋಡಿದ. ಅಭ್ಯಾಸದಂತೆ ಮೇಲೆ ಸೂರು ನೋಡಲು ಹೋಗಿ ಆಕಾಶ ನೋಡಿದ. ಆಮೇಲೆ ಮೆತ್ತಗೆ, "ಒಳಗಡೆಯಿಂದ ಅಳೆದ್ರಾ?" ಎಂದ.

ಅಳೆದದ್ದು ಒಳಗಿನಿಂದಲೇ. ಕನ್ನಡಕದ ಚೌಕಟ್ಟನ್ನು ಒಳಗಿನಿಂದಲೇ ಅಳೆಯಬೇಕು, ಗಾಜು ಕೂರುವುದು ಅಲ್ಲಿ. ಇಪ್ಪತ್ತೆಂಟು ವರ್ಷದಿಂದ ನನ್ನ ಕೈ ಪಟ್ಟಿಯನ್ನು ತಾನಾಗಿಯೇ ಒಳಗೆ ಇಡುತ್ತದೆ. ಮೂರು ಸಲವೂ ಒಂದೇ ತಪ್ಪನ್ನು ಬಹಳ ನಿಖರವಾಗಿ ಮಾಡಿದ್ದೆ.

ಅವನು ನಗಲಿಲ್ಲ. ತಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲಿಫ್ಟಿನ ಗುಂಡಿಗಳನ್ನು ತಲೆಕೆಳಗು ಜೋಡಿಸಿ, ಇಡೀ ಒಂದು ದಿನ ಮೇಲೆ ಹೋಗಬೇಕಾದವರನ್ನೆಲ್ಲ ನೆಲಮಾಳಿಗೆಗೆ ಕಳಿಸಿದ್ದನ್ನು ಹೇಳಿದ. ಅಕ್ಕ ಬಿದ್ದುಬಿದ್ದು ನಕ್ಕಳು. ನನಗೂ ನಗು ಬಂತು, ಆದರೆ ಸ್ವಲ್ಪವೇ ನಕ್ಕೆ.

ಜೂನ್ ೧೭, ಮಂಗಳವಾರ

ವಾಪಸು ಕಳಿಸಿದೆ. ಅಗಲ ಹೆಚ್ಚುಕಡಿಮೆ ಮಾಡಬಹುದಾದದ್ದನ್ನು ತರಿಸಲು ಹೇಳಿದೆ. ಇದು ನನ್ನದೇ ತೀರ್ಮಾನ.

ಜೂನ್ ೨೨, ಭಾನುವಾರ

ಎದ್ದಿತು!

ಹೊಸ ಸ್ಟ್ಯಾಂಡಿನ ಕೈಗಳನ್ನು ಹೊರಗಿನ ಅಳತೆಗೆ ಸರಿಮಾಡಿ ಬೋಲ್ಟು ಬಿಗಿ ಮಾಡಿದೆ. ಅಕ್ಕ ಹ್ಯಾಂಡಲ್ ಹಿಡಿದಳು. ಹಿಡಿಯ ಮೇಲೆ ಭಾರ ಹಾಕಿ ಒತ್ತಿದೆ, ಗಾಡಿ ಹಿಂದಿನಿಂದ ಹಗುರಾಗಿ ಎದ್ದು ನಿಂತಿತು. ಬೆರಳಲ್ಲಿ ತಟ್ಟಿದರೆ ಚಕ್ರ ಸರ್ರನೆ ತಿರುಗುತ್ತದೆ. ಚೈನು ತಾನಾಗಿಯೇ ಎದುರಿಗೆ ಬರುತ್ತದೆ, ನಾವು ಸುಮ್ಮನೆ ಎಣ್ಣೆ ಡಬ್ಬಿ ಹಿಡಿದರೆ ಸಾಕು. ಹನ್ನೊಂದು ವರ್ಷ ಏನು ಮಾಡುತ್ತಿದ್ದೆವೋ. ಅಕ್ಕ ತಾನೂ ಒಂದು ಸಲ ಚಕ್ರ ತಿರುಗಿಸಿ ನೋಡಿದಳು, ಆಮೇಲೆ ಇನ್ನೊಂದು ಸಲ. ಎಣ್ಣೆ ಹಾಕಿ ವಾರವಾಗಿತ್ತಷ್ಟೆ, ಆದರೂ ಇನ್ನೊಮ್ಮೆ ಹಾಕಿದೆವು.

ಅದರ ಜತೆ ಬಂದ ಕಾಗದದಲ್ಲಿ ಒಂದು ಚಿತ್ರವಿದೆ. ಒಬ್ಬ ಹಿಡಿ ಒತ್ತುತ್ತಿದ್ದಾನೆ, ಇನ್ನೊಬ್ಬ ಗಾಡಿ ಹಿಡಿದಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ, ಈ ಕೆಲಸಕ್ಕೆ ಇಬ್ಬರು ಬೇಕು ಎಂದು ಬರೆದಿದೆ. ಅಕ್ಕ ಅದನ್ನು ಓದಿ, ಮಡಿಸಿ ನನಗೆ ಕೊಟ್ಟಳು. ನೂರ ಹದಿನಾಲ್ಕು ಅಭಿಪ್ರಾಯಗಳಲ್ಲಿ ಒಬ್ಬನಾದರೂ ಇದನ್ನು ಬರೆಯಬಾರದಿತ್ತೇ?

ಜೂನ್ ೨೪, ಮಂಗಳವಾರ

ಅಕ್ಕ ನೀರಿನ ಮೋಟಾರಿನ ಸ್ವಿಚ್ಚು ಯಾವುದು, ವಿದ್ಯುತ್ ಬಿಲ್ಲು ಎಲ್ಲಿಡುತ್ತಾಳೆ ಎಂದೆಲ್ಲ ತೋರಿಸುತ್ತಿದ್ದಾಳೆ. ನನಗೆ ಎಲ್ಲ ಗೊತ್ತು ಎಂದೆ. ಹಾಗಾದರೆ ಬಿಲ್ಲು ಎಲ್ಲಿದೆ ಎಂದಳು. ಅವಳು ಈಗ ತಾನೇ ತೋರಿಸಿದ ಜಾಗವೂ ನೆನಪಿಗೆ ಬರಲಿಲ್ಲ.

ಜೂನ್ ೨೫, ಬುಧವಾರ

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಅಕ್ಕ ಬಹಳ ಸರಳವಾಗಿ ಹೇಳಿಬಿಟ್ಟಳು.

"ಭಾನುವಾರ ಅವ್ರಿಗೆ ಬೇಡ ಅಂತ ಹೇಳ್ಬಿಡ್ತೀನಿ ಕಣೋ. ನಿನ್ನ ಬಾಯಿಂದ ಆ ಮಾತು ಹೊರಡಲ್ಲ, ನಂಗೊತ್ತು. ನಿನ್ನೊಬ್ಬನ್ನೇ ಬಿಟ್ಟು ಹೋಗಿ ಅಲ್ಲಿ ಕೂತ್ಕೊಂಡು ಯೋಚ್ನೆ ಮಾಡೋದು ನನ್ನಿಂದಾಗಲ್ಲ."

ಸಂತೋಷವಾಗಬೇಕಿತ್ತು. ಮೂರೂವರೆ ವಾರ ಮೀನಮೇಷ ಎಣಿಸಿದ್ದಕ್ಕೆ ಬಾಯಿ ತೆರೆಯದೆಯೇ ಗೆದ್ದಂತಾಯಿತಲ್ಲ. ಅಂಗಡಿಯಲ್ಲಿ ಎರಡು ಗಾಜು ಒಡೆದೆ. ಯಜಮಾನರು ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ಇಲ್ಲ, ಎಲ್ಲ ಸರಿಹೋಯಿತು ಎಂದೆ. ಮಧ್ಯಾಹ್ನದ ಬುತ್ತಿ ಹಾಗೇ ವಾಪಸು ತಂದೆ.

ಸಂಜೆ ಅಕ್ಕ ಎಂದಿನಂತೆಯೇ ಇದ್ದಳು. ಎಂದಿನಂತೆ ಇರಲು ತುಂಬ ಕಷ್ಟಪಡುತ್ತಿದ್ದಳು. ನೋಡಲಾಗಲಿಲ್ಲ.

ಜೂನ್ ೨೭, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆದಿಡಬೇಕು.

ಅಂಗಡಿಗೆ ರಜೆ ಹಾಕಿದೆ. ಅಕ್ಕ ಆಸ್ಪತ್ರೆಗೆ ಹೋದಮೇಲೆ ಗಾಡಿಯನ್ನು ಒಬ್ಬನೇ ಸ್ಟ್ಯಾಂಡಿಗೆ ಹಾಕುವುದನ್ನು ಅಭ್ಯಾಸ ಮಾಡುವುದೆಂದು ತೀರ್ಮಾನಿಸಿದ್ದೆ. ಇಬ್ಬರು ಬೇಕು ಎಂದು ಬರೆದವರಿಗೆ ನನ್ನ ವಿಷಯ ಏನು ಗೊತ್ತು? ಮುಂದಿನ ಬ್ರೇಕನ್ನು ರಬ್ಬರ್ ಪಟ್ಟಿಯಿಂದ ಬಿಗಿದು ಕಟ್ಟಿದೆ. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿತ್ತು. ಒಂದು ಕೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದು ಗಾಡಿಯನ್ನು ನೆಟ್ಟಗೆ ಮಾಡುತ್ತಾ, ಇನ್ನೊಂದು ಕೈಯಲ್ಲಿ ಸ್ಟ್ಯಾಂಡ್ ಸಿಕ್ಕಿಸಿ, ಕಾಲಿನಿಂದ ಹಿಡಿ ಒತ್ತಿದೆ. ಆರು ಸಲ ಆಗಲಿಲ್ಲ. ಏಳನೆಯ ಸಲ ಗಾಡಿ ನೆಟ್ಟಗಾಯಿತು. ಆಮೇಲೆ ನೆಟ್ಟಗಿರುವುದೂ ಸಾಲದೆಂಬಂತೆ ಬಲಕ್ಕೆ ವಾಲಿತು. ಆಚೆ ಕಡೆ ಹಿಡಿಯಲು ಯಾರೂ ಇರಲಿಲ್ಲ. ಮಲಗಿಬಿಟ್ಟಿತು.

ಕನ್ನಡಿ ಚೂರಾಯಿತು, ಟ್ಯಾಂಕಿನ ಬಲಗಡೆ ಅಂಗೈಯಗಲ ತಗ್ಗು ಬಿತ್ತು, ನನ್ನ ಮೊಣಕಾಲ ಕೆಳಗೆ ಚರ್ಮ ಕಿತ್ತುಬಂತು. ಎತ್ತಲು ನಾಲ್ಕು ಸಲ ಪ್ರಯತ್ನಿಸಿ ಸೋತು ಪಕ್ಕದಲ್ಲೇ ನೆಲದ ಮೇಲೆ ಕುಳಿತೆ. ಗಂಟೆ ಮೂರು. ಅಕ್ಕ ಬರುವುದು ಐದೂವರೆಗೆ. ಅವಳು ಇದನ್ನು ನೋಡಿದರೆ ಇನ್ನು ಹೋಗುವುದೇ ಇಲ್ಲವಲ್ಲ ಎಂಬ ಚಿಂತೆ ಮೊದಲು ಬಂತು. ಟ್ಯಾಂಕಿನ ಚಿಂತೆ ಬಂದದ್ದು ಆಮೇಲೆ. ಯಾಕೆ ಹಾಗಾಯಿತೋ ತಿಳಿಯದು, ಗಾಡಿ ನನಗೆ ಪ್ರಾಣ.

ಆಗ ಗೇಟು ತೆರೆದುಕೊಂಡು ಲಿಫ್ಟಿನವರು ಬಂದರು. ಸೈಡ್ ಸ್ಟ್ಯಾಂಡಿನ ಅಡಿಗೆ ಇಟ್ಟರೆ ಗಾಡಿ ಅಷ್ಟು ವಾಲುವುದಿಲ್ಲ, ಒಬ್ಬರೇ ಎತ್ತಬಹುದೆಂದು ಒಂದು ಹಲಗೆ ಕೊರೆದು, ಗೇಟಿನೊಳಗೆ ಇಟ್ಟು ಹೋಗಲು ತಂದಿದ್ದರು. ಅಕ್ಕ ಬೇಡ ಎಂದು ಹೇಳಲಿರುವ ವಿಷಯ ಅವರಿಗೆ ಆಗಲೇ ತಿಳಿದಿತ್ತಂತೆ, ಅವಳ ಮುಖ ನೋಡಿಯೇ ಗೊತ್ತಾಯಿತಂತೆ. ಆದರೂ ಹಲಗೆ ಅರ್ಧ ಕೊರೆದಾಗಿತ್ತು, ಮುಗಿಸಿದೆ ಎಂದರು. ಬಿದ್ದ ಗಾಡಿ ನೋಡಿದರು, ನನ್ನ ಕಾಲು ನೋಡಿದರು. "ಎತ್ತೋದು ಹೆಂಗಾದ್ರೂ ಎತ್ತಬಹುದು. ಎತ್ತೋಕೆ ಮುಂಚೆ ಅದು ಬೀಳೋದಾದ್ರೆ ಯಾವ ಕಡೆ ಅಂತ ನೋಡ್ಕೋಬೇಕು," ಎಂದು ತೋಳು ಮಡಿಸಿದರು. ಇಬ್ಬರೂ ಸೇರಿ ಎತ್ತಿದೆವು. ಅವರು ಹ್ಯಾಂಡಲ್ ಹಿಡಿದರು, ನಾನು ಹಿಡಿ ಒತ್ತಿದೆ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತು. ಹೋಗಿ ಹೊಸ ಕನ್ನಡಿ ತಂದು ಹಾಕಿದವರೂ ಅವರೇ. ನಾನು ಗಾಜಿನ ಚೂರು ಗುಡಿಸಿದೆ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ತಗ್ಗು ಬಿದ್ದ ಕಡೆ ಗೋಡೆಗೆ ಬರುವಂತೆ ತಿರುಗಿಸಿಟ್ಟೆವು.

ಅಕ್ಕ ಬಂದಾಗ ಮೂವರಿಗೂ ಟೀ ಮಾಡಿದೆ. ಲೋಟ ಅವಳ ಕೈಗೆ ಕೊಟ್ಟು, ಕುಂಟುವುದು ಕಾಣಬಾರದೆಂದು ತಕ್ಷಣ ಕುಳಿತುಬಿಟ್ಟೆ.

"ಅಕ್ಕ, ಇವತ್ತು ಗಾಡೀನ ಒಬ್ನೇ ಸ್ಟ್ಯಾಂಡಿಗೆ ಹಾಕ್ದೆ. ಕಷ್ಟ ಏನಿಲ್ಲ, ಅಭ್ಯಾಸ ಆಗ್ಬೇಕು ಅಷ್ಟೆ. ನೀನು ಹೋಗು. ನಾನು ಹೂಂ ಅಂತಿದೀನಿ."

ಅವಳು ನನ್ನನ್ನು ನೋಡಿದಳು. ಆಮೇಲೆ ಅವರ ಕಡೆ ತಿರುಗಿ, ನಿಜವಾ ಎಂದು ಕೇಳಿದಳು. ಲಿಫ್ಟಿನವರು ಸೂರು ನೋಡಿದರು. ಟೀ ಕುಡಿದರು.

"ಸ್ಟ್ಯಾಂಡ್ ಮೇಲೆ ನಿಂತಿದ್ದನ್ನ ನಾನೂ ನೋಡ್ದೆ," ಎಂದರು.

ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನೂ ಅತ್ತುಬಿಡುತ್ತೇನೆಂದು ಹೆದರಿ ಬಿಸ್ಕತ್ತು ತರುವ ನೆಪದಲ್ಲಿ ಎದ್ದು ಹೋದೆ, ಕುಂಟಬಾರದೆಂಬುದೇ ಮರೆತುಹೋಗಿತ್ತು.

ಜೂನ್ ೨೮, ಶನಿವಾರ

ಕಾಲು ಊದಿದೆ. ಕೆಲಸಕ್ಕೆ ಹೋದೆ.

ಜುಲೈ ೪, ಶುಕ್ರವಾರ

ಬೆಳಿಗ್ಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಬಂದೆವು, ನೋಂದಣಿ ಕಚೇರಿಯ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತು. ಸಾಕ್ಷಿಗೆ ಮೊದಲು ಸಹಿ ಹಾಕಿದವನು ನಾನು. ಗುಮಾಸ್ತರು, ಹುಡುಗಿಯ ಕಡೆಯವರು ಯಾರು ಎಂದಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರಿಬ್ಬರೂ ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ ತೆಗೆದುಕೊಂಡು ನದಿಯಾಚೆಯ ಅವರ ಮನೆಗೆ ಹೋದರು. ಬಸ್ಸಿನಲ್ಲಿ ನಲವತ್ತು ನಿಮಿಷ. ಅದೇನು ಪರದೇಶವಲ್ಲ.

ಮನೆಗೆ ಬಂದು ಎರಡು ಲೋಟ ಟೀ ಮಾಡಿದೆ. ಎರಡನ್ನೂ ನಾನೇ ಕುಡಿದೆ.

ಜುಲೈ ೮, ಮಂಗಳವಾರ

ವಿದ್ಯುತ್ ಬಿಲ್ಲು ಸಿಕ್ಕಿತು. ಫ್ರಿಜ್ಜಿನ ಮೇಲಿತ್ತು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಇಪ್ಪತ್ತು ನಿಮಿಷ ಅದರ ಬಗ್ಗೆಯೇ ಮಾತಾಡಿದೆವು.

ಜುಲೈ ೧೩, ಭಾನುವಾರ

ಎಣ್ಣೆ ಹಾಕುವ ದಿನ. ಬೆಳಿಗ್ಗೆ ಏಳಕ್ಕೇ ಸ್ಟ್ಯಾಂಡ್, ಹಲಗೆ, ಎಣ್ಣೆ ಡಬ್ಬಿ ಎಲ್ಲ ಜೋಡಿಸಿಕೊಂಡು ಗಾಡಿಯ ಮುಂದೆ ನಿಂತೆ. ಎಂಟಾದರೂ ನಿಂತೇ ಇದ್ದೆ. ಕಾಲಿನ ಗಾಯ ಒಣಗಿತ್ತು, ಧೈರ್ಯ ಬಂದಿರಲಿಲ್ಲ. ಬರೆಯಲು ನಾಚಿಕೆಯೇನು, ಇದನ್ನು ಓದುವವನು ನಾನೊಬ್ಬನೇ.

ಎಂಟೂಕಾಲಕ್ಕೆ ಗೇಟಿನ ಸದ್ದಾಯಿತು. ಈ ಕಡೆ ಯಾವುದೋ ಕಟ್ಟಡದ ಲಿಫ್ಟು ನೋಡುವುದಿತ್ತು, ಹಾಗೇ ಬಂದೆ ಎಂದರು. ನಮ್ಮ ಬೀದಿಯಲ್ಲಿ ಒಂದು ಮಹಡಿಗಿಂತ ಎತ್ತರದ ಕಟ್ಟಡವೇ ಇಲ್ಲ. ನಾನೂ ಹೌದಾ ಎಂದೆ. ಅವರು ತೋಳು ಮಡಿಸಿ ಹ್ಯಾಂಡಲಿನ ಕಡೆ ಹೋದರು. ಆವತ್ತು ಗಾಡಿ ಬಿದ್ದದ್ದು ಅಕ್ಕನಿಗೆ ಗೊತ್ತಾಗಲಿಲ್ಲ ತಾನೇ ಎಂದು ಕೇಳಿದೆ. ಈ ಮಾತು ಕೇಳಬೇಕೆಂದು ಎರಡು ವಾರದಿಂದ ಮನಸ್ಸಿನಲ್ಲಿತ್ತು.

ಆವತ್ತು ಗೇಟು ತೆರೆದಾಗಲೇ ಅವಳಿಗೆ ಗೊತ್ತಾಗಿತ್ತಂತೆ. ಹನ್ನೊಂದು ವರ್ಷದಲ್ಲಿ ಗಾಡಿಯ ಬಲಮಗ್ಗುಲು ಗೋಡೆಗೆ ಬಂದದ್ದೇ ಇಲ್ಲವಂತೆ. ನಾನು ಬಿಸ್ಕತ್ತು ತರಲು ಎದ್ದಾಗ ಎತ್ತಿ ಎತ್ತಿ ಹಾಕುತ್ತಿದ್ದ ಕಾಲನ್ನೂ ನೋಡಿದಳಂತೆ.

"ಮತ್ತೆ ಯಾಕೆ ಹೊರಟ್ಲು?" ಎಂದೆ.

"ನಾನೂ ಅದನ್ನೇ ಕೇಳ್ದೆ. 'ಹುಟ್ಟಿದಾಗಿನಿಂದ ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ಕಾಲು ತರಚ್ಕೊಂಡು, ಗಾಡಿ ಕೆಡಿಸ್ಕೊಂಡು ನನಗೋಸ್ಕರ ಒಂದು ಸುಳ್ಳು ಹೇಳಿದಾನೆ. ಇನ್ನೂ ನಾನು ಹೋಗದೇ ಇದ್ರೆ ಅವನಿಗೆ ಹೆಂಗಾಗ್ಬೇಡ' ಅಂದ್ಲು."

ಬಗ್ಗಿ ಸ್ಟ್ಯಾಂಡ್ ಸಿಕ್ಕಿಸಿದೆ. ಎರಡೂ ಕೈಗಳು ತೋಳುಗಳ ಅಡಿಗೆ ಸರಿಯಾಗಿ ಕೂತಿವೆಯೇ ಎಂದು ನೋಡಿದೆ, ಕಣ್ಣು ಮಂಜಾಗಿದ್ದರಿಂದ ಎರಡನೇ ಸಲವೂ ನೋಡಬೇಕಾಯಿತು. ಆಮೇಲೆ ಭಾರ ಹಾಕಿ ಹಿಡಿ ಒತ್ತಿದೆ. ಗಾಡಿ ಎದ್ದು ನಿಂತಿತು.

"ನಿಂತಿದೆ. ಬಿಡಿ ಭಾವ," ಎಂದೆ.

ಅವರು ಬಿಡಲಿಲ್ಲ. ಚೈನು ಒರೆಸಿ, ಎಣ್ಣೆ ಹಾಕಿ, ಮತ್ತೊಮ್ಮೆ ಒರೆಸಿ ಮುಗಿಯುವವರೆಗೂ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದರು. ಸ್ಟ್ಯಾಂಡಿನ ಮೇಲೆ ಇರುವಾಗ ಹಿಡಿದುಕೊಳ್ಳುವ ಅಗತ್ಯವೇ ಇಲ್ಲ ಎಂದು ಎರಡು ಸಲ ವಿವರಿಸಿ ಹೇಳಿದೆ. ಇಷ್ಟು ವರ್ಷ ಯಂತ್ರಗಳ ಜತೆ ಕೆಲಸ ಮಾಡಿದವರಿಗೆ ಇಷ್ಟು ಸಣ್ಣ ವಿಷಯ ತಿಳಿಯುವುದಿಲ್ಲ.